ನಂಬರಾದ ದನಿಗಳಿಗೆ ಹೆಸರು ಹಚ್ಚುವಾಕೆ

ಮಲ್ಕಮ್ಮನಿಗೆ ಓದು ಬರುವುದಿಲ್ಲ. ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದು, ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ಹಾಡು ಸಂಗ್ರಹ ಕೇಂದ್ರದ ಬೀಗ ತೆಗೆಯುತ್ತಾರೆ. ಕಸ ಗುಡಿಸಿ, ಸಿಬ್ಬಂದಿ ಬರುವ ಮೊದಲೇ ಐದು ಲಿನಕ್ಸ್ ಕಂಪ್ಯೂಟರುಗಳನ್ನು ಎಬ್ಬಿಸುವುದು ಅವರ ಕೆಲಸ.

ಅವು ಸುಲಭಕ್ಕೆ ಏಳುವುದಿಲ್ಲ. ಎರಡನೆಯದು ಪರದೆಯ ಮೇಲೆ ಎರಡು ಅಕ್ಷರ ಮೂಡಿಸಿ ನಿಂತುಬಿಡುತ್ತದೆ. ಫ್ಲಾಪಿ ಹಾಕಿದರೆ ಮುಂದೆ ಹೋಗುತ್ತದೆ. ನಾಲ್ಕನೆಯದಕ್ಕೆ ಕೀಬೋರ್ಡಿನ ವೈರು ಕಿತ್ತು ಮತ್ತೆ ಚುಚ್ಚಬೇಕು. ಮೂರನೆಯದರ ಬ್ಯಾಟರಿ ಸತ್ತಿದೆ. ಈ ೨೦೦೪ರಲ್ಲೂ ಅದು ದಿನಾ ಬೆಳಿಗ್ಗೆ ೧೯೮೦ರ ಜನವರಿ ಒಂದಕ್ಕೆ ಕಣ್ಣು ಬಿಡುತ್ತದೆ.

“ಅದರ ಲೆಕ್ಕದಾಗ ನಮ್ಮವ್ವ ಇನ್ನೂ ಅದಾಳ್ರೀ,” ಎನ್ನುತ್ತಾರೆ ಮಲ್ಕಮ್ಮ. ನಗುವುದಿಲ್ಲ.

ಐದನೆಯದರಲ್ಲಿ, ೧೯೮೬ರಲ್ಲಿ ಕಮಲಾಪುರದ ಹೆಂಗಸರು ತಲಾ ಒಂದರಂತೆ ಹಾಡಿದ ೨೧೨ ಹಾಡುಗಳಿವೆ. ಹಾಡಿದವರ ಹೆಸರೇ ಕಡತದ ಹೆಸರಾಗಿತ್ತು, ಬೇರೆಲ್ಲೂ ಬರೆದಿಟ್ಟಿರಲಿಲ್ಲ. ಮೂಲ ಟೇಪುಗಳು ಬೂಸ್ಟು ಹಿಡಿದು ಹೋಗಿವೆ. ಹೋದ ಜೂನಿನಲ್ಲಿ ಕರೆಂಟು ಹೋಗಿ ಬಂದ ಮೇಲೆ ಈ ಕಂಪ್ಯೂಟರು, ಡಿಸ್ಕಿನಲ್ಲಿ ಕೆಟ್ಟಿದ್ದನ್ನು ಸರಿಪಡಿಸಲೇ ಎಂದು ಒಂದರ ಹಿಂದೊಂದು ಪ್ರಶ್ನೆ ಕೇಳತೊಡಗಿತು. ಮಲ್ಕಮ್ಮ ಎಂಜಿನಿಯರ್ ಭೀಮಶಾನಿಗೆ ಫೋನ್ ಮಾಡಿದರು.

“ಅದು ಏನ್ ಕೇಳಿದ್ರೂ ಹೂಂ ಅನ್ನು ಮಲ್ಕವ್ವ. ಕೆಂಪು ಚುಕ್ಕಿ ಹಚ್ಚೀನಲ್ಲ, ಆ ಗುಂಡಿ ಒತ್ತು.”

ಒಂದು ತಾಸು ಒತ್ತಿದರು. ಹಾಡುಗಳು ಉಳಿದವು. ಹೆಸರುಗಳು ಅಳಿಸಿಹೋಗಿ ಆ ಜಾಗದಲ್ಲಿ ಬರೀ ನಂಬರುಗಳು ಬಂದವು.

“ಹಾಡು ಉಳದಾವಲ್ಲ, ಸಾಕು ಬಿಡು,” ಎಂದ ಭೀಮಶಾ.

“ನಿಮ್ಮವ್ವನ ಹೆಸರ ತಗದು ನಂಬರ್ ಹಚ್ಚಿದ್ರ ಸುಮ್ನ ಇರ್ತೀಯೇನು?”

ಅಂದಿನಿಂದ ಒಬ್ಬೊಬ್ಬರ ದನಿ ಕೇಳಿ ಮಲ್ಕಮ್ಮ ಹೆಸರು ಹೇಳುತ್ತಾರೆ, ಭೀಮಶಾ ಟೈಪು ಮಾಡುತ್ತಾನೆ. ದಿನಕ್ಕೆ ನಾಲ್ಕೋ ಐದೋ. ಇವತ್ತು ಸ್ಪೀಕರಿನಲ್ಲಿ ಹಾಡಿಗೆ ಮೊದಲು ಯಾರೋ ಎಳೆದೆಳೆದು ಉಸಿರು ತೆಗೆದುಕೊಳ್ಳುತ್ತಾರೆ. ಮಲ್ಕಮ್ಮ ಥಟ್ಟನೆ ಹಿಂದೆ ತಿರುಗಿ ಬಾಗಿಲು ನೋಡುತ್ತಾರೆ. ಅಲ್ಲಿ ಯಾರೂ ಇಲ್ಲ.

“ದುಂಡಮ್ಮ. ದಮ್ಮಿನಾಕಿ. ಸತ್ತು ಹನ್ನೊಂದ್ ವರ್ಷ ಆತು. ಕುತ್ತಿಗಿಗೆ ಉಸುರು ತಾಕ್ದಂಗ ಆತು ನೋಡ್ರಿ.”

ಗೊತ್ತಾಗದ ದನಿಗಳನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಭಾನುವಾರ ಊರಿನ ಮುದುಕಿಯರಿಗೆ ಕೇಳಿಸುತ್ತಿದ್ದರು. ಕೊನೆಯವಳು ಅಂಬಮ್ಮ. ಹೋದ ವಾರ ಆಕೆಯೂ ತೀರಿಕೊಂಡಳು. ಇನ್ನು ಕೇಳಲು ಯಾರೂ ಉಳಿದಿಲ್ಲ.

“ಅವು ನನ್ನನ್ನ ಕರದಂಗ ಆಗ್ತದ್ರೀ. ಓ ಅನಬೇಕಂದ್ರ ಯಾರಂತ ಗೊತ್ತಿರಬೇಕಲ್ಲ.”

೨೧೨ರಲ್ಲಿ ೧೯೩ ದನಿಗಳಿಗೆ ಹೆಸರು ಮರಳಿದೆ. ಹತ್ತೊಂಬತ್ತು ಹೆಸರು ಹೋದವು.