ಕಳೆದದ್ದಲ್ಲ, ಕಸಿದದ್ದು

ಹೋದ ವಾರ ಕಾಲೇಜಿನ ಸ್ಟಾಫ್ ರೂಮಿಗೆ ಕಾಲಿಟ್ಟಾಗ ಕೆಂಪು ಬಾಳೆಹಣ್ಣಿನ ವಾಸನೆ ತುಂಬಿಕೊಂಡಿತ್ತು. ಕಮಲಾಪುರದಿಂದ ಓಡಾಡುವ ಸಹೋದ್ಯೋಗಿಯೊಬ್ಬರು ತಮ್ಮ ತೋಟದ ಹಣ್ಣು ತಂದು ಮೇಜಿನ ಮೇಲಿಟ್ಟಿದ್ದರು. ಹಳದಿ ಬಾಳೆಗಿಲ್ಲದ ಒಂದು ಗಾಢ ವಾಸನೆ ಅದಕ್ಕೆ, ಬೆಲ್ಲದ ಪಾಕ ಆಗತಾನೆ ಒಲೆಯಿಂದ ಇಳಿಸಿದ ಹಾಗೆ. ಅವರೇ ಹಣ್ಣಿನ ಸಿಪ್ಪೆ ಸುಲಿಯುತ್ತ ಪೇಪರ್ ಓದುತ್ತಿದ್ದರು. ದೇಶದ ಅಪರಾಧಗಳ ವರದಿ ಬಂದಿತ್ತು. ಯಾವ ರಾಜ್ಯ ಮೊದಲು, ಯಾವುದು ಕೊನೆ ಎಂದು ಬಣ್ಣ ಬಳಿದ ನಕ್ಷೆ. ಅಂಕಿ ಹೆಚ್ಚಿರುವ ಕಡೆ ಕಡುಗೆಂಪು, ಕಡಿಮೆ ಇರುವ ಕಡೆ ತಿಳಿಬಣ್ಣ.

"ನೋಡ್ರಿ ಮೇಡಂ, ಓದಿದವರು ಜಾಸ್ತಿ ಇದ್ದಲ್ಲೇ ಗುನ್ಹೆ ಜಾಸ್ತಿ ಅವ. ನಮ್ಮ ಕಡಿ ಮಂದಿ ಬಡವರಿದ್ರೂ ಸಂಭಾವಿತರು ನೋಡ್ರಿ," ಎಂದರು.

ನನ್ನ ಮೈ ಉರಿಯಿತು. ಒಂದು ಹಣ್ಣು ಕೈಗೆತ್ತಿಕೊಂಡಿದ್ದವಳು ಹಾಗೆಯೇ ಕೆಳಗಿಟ್ಟೆ. ಅಕ್ಕೋರು ಇದ್ದಿದ್ದರೆ ಆ ಪೇಪರನ್ನು ಅವರ ಕೈಯಿಂದ ಕಿತ್ತುಕೊಳ್ಳುತ್ತಿದ್ದರು...

ಅಕ್ಕೋರು ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ನಮ್ಮ ಪಕ್ಕದ ಮನೆಯವರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ಓಣಿಯಲ್ಲಿ ದೊಡ್ಡವರು ಸಣ್ಣವರು ಎಲ್ಲರಿಗೂ ಅವರು ಅಕ್ಕೋರೇ. ಮದುವೆಯಾಗಿರಲಿಲ್ಲ. ಹುಟ್ಟೂರು ಕಮಲಾಪುರ, ಅಲ್ಲಿ ತಮ್ಮನ ಸಂಸಾರ, ಬಾಳೆಯ ತೋಟ. ಶನಿವಾರ ಸ್ಕೂಲು ಬಿಟ್ಟ ಮೇಲೆ ಹೋದರೆ ಸೋಮವಾರ ಬೆಳಗಿನ ಬಸ್ಸಿಗೆ ಹಣ್ಣು ತುಂಬಿದ ಚೀಲ ಹೊತ್ತು ಬರುತ್ತಿದ್ದರು, ಅದರಲ್ಲಿ ನಮ್ಮ ಮನೆಗೂ ಪಾಲು. ನಮ್ಮದು ಮನೆಯೊಳಗೆ ಮರಾಠಿ ಆಡುವ ವೈಷ್ಣವರ ಕುಟುಂಬ. ನಮ್ಮ ಆಯಿ, ಎಂದರೆ ತಾಯಿ, ಕನ್ನಡದಲ್ಲಿ ಒಂದು ಮಾತು ತಪ್ಪಿದರೂ ಅಕ್ಕೋರು ತಿದ್ದದೆ ಬಿಡುತ್ತಿರಲಿಲ್ಲ. ಲಗ್ನಪತ್ರಿಕೆ, ಅಂಗಡಿಯ ಬೋರ್ಡು, ಬಸ್ಸಿನ ಹಣೆಯ ಮೇಲಿನ ಊರ ಹೆಸರು, ಎಲ್ಲಿ ತಪ್ಪು ಕಂಡರೂ ಅಲ್ಲೇ ನಿಂತು ಜಗಳ. ಸಿಟ್ಟಿನ ಮನುಷ್ಯರು ಎಂದು ಹೆಸರಾಗಿತ್ತು. ಹೌದು, ಸಿಟ್ಟಿನವರೇ. ಆ ಸಿಟ್ಟು ಇಲ್ಲದಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಅವರ ಕೊರಳಲ್ಲಿ ತಾಯಿ ಹಾಕಿದ್ದ ಬಂಗಾರದ ಸರವಿತ್ತು. ಅದರ ಜೊತೆಗೇ ಶಿವದಾರ, ದಾರಕ್ಕೆ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಇಷ್ಟಲಿಂಗ. ಬೆಳಿಗ್ಗೆ ಲಿಂಗಪೂಜೆ ಮುಗಿಯುವ ತನಕ ಒಂದು ಗುಟುಕು ಚಹಾ ಕೂಡ ಬಾಯಿಗೆ ಹಾಕುತ್ತಿರಲಿಲ್ಲ.

ನಾನು ಆಗ ಎಂ.ಎ. ಓದುತ್ತಿದ್ದೆ. ಒಂದು ಶನಿವಾರ "ತೋಟ ನೋಡೀಯಂತ ಬಾ ತಂಗಿ" ಎಂದು ಅಕ್ಕೋರು ನನ್ನನ್ನೂ ಕರೆದುಕೊಂಡು ಹೊರಟರು. ಕಮಲಾಪುರದಲ್ಲಿ ಬಸ್ಸಿಳಿದು ಅವರ ಮನೆಯ ಕಡೆ ನಡೆಯುತ್ತಿದ್ದೆವು. ಮಧ್ಯಾಹ್ನ, ರಸ್ತೆಯಲ್ಲಿ ಜನ ಕಡಿಮೆ. ಹಿಂದಿನಿಂದ ಒಂದು ಮೋಟಾರ್ ಸೈಕಲ್ ಬಂತು; ದಾರಿ ಬಿಡೋಣವೆಂದು ನಾವು ಪಕ್ಕಕ್ಕೆ ಸರಿದೆವು. ಹಿಂದೆ ಕುಳಿತಿದ್ದವನು ಕೈ ಚಾಚಿ ಅಕ್ಕೋರ ಕೊರಳಿಗೇ ಕೈ ಹಾಕಿದ. ಸರ ಒಂದೇ ಏಟಿಗೆ ಹರಿಯಲಿಲ್ಲ. ಗಾಡಿ ನಿಲ್ಲಲಿಲ್ಲ. ಅದು ಅಕ್ಕೋರನ್ನೂ ಜೊತೆಗೇ ಎಳೆದುಕೊಂಡು ಹೋಯಿತು... ಆಮೇಲೆ ಸರ ಹರಿಯಿತು, ಶಿವದಾರವೂ ಹರಿಯಿತು, ಅವರು ಮೋರಿಯ ಕಲ್ಲಿನ ಮೇಲೆ ಬಿದ್ದರು.

ನಾನು ಓಡಿ ಹೋಗಿ ಎತ್ತಲು ನೋಡಿದೆ. ಬಲಭುಜದ ಎಲುಬು ಮುರಿದಿತ್ತು, ಕೊರಳ ಸುತ್ತ ಚರ್ಮ ಕಿತ್ತು ರಕ್ತ. ಅಷ್ಟರಲ್ಲೂ ಅವರು ಎಡಗೈಯಿಂದ ಎದೆ ತಡಕುತ್ತಿದ್ದರು. "ಲಿಂಗ... ತಂಗಿ, ಲಿಂಗ ಹೋತಲ್ಲ..." ಅವರು ಅತ್ತದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ಕಲಬುರಗಿಯ ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸಿಕೊಂಡ ಮೇಲೆ ಅವರು ಮಾಡಿದ ಮೊದಲ ಕೆಲಸ ದೂರು ಕೊಡಲು ಹೊರಟದ್ದು. ಅವರ ತಮ್ಮ ಮತ್ತು ನಾನು ಜೊತೆಗೆ ಹೋದೆವು. ಠಾಣೆ ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಅಲ್ಲಿದ್ದ ಸಾಹೇಬರು ಒಳ್ಳೆಯ ಮಾತಿನ ಮನುಷ್ಯ. ಕುರ್ಚಿ ಕೊಟ್ಟರು, ಚಹಾ ತರಿಸಿದರು. ಬೈದು ಓಡಿಸಿದ್ದರೆ ಇಷ್ಟು ಸಿಟ್ಟು ಉಳಿಯುತ್ತಿರಲಿಲ್ಲವೇನೋ. ಎಲ್ಲ ಕೇಳಿಸಿಕೊಂಡು, "ಅಕ್ಕೋರೇ, ಹಿಂಗ ಮಾಡ್ರಿ. ಹಾದಿಮ್ಯಾಲ ಬಿದ್ದೀನಿ, ಸರ ಕಳದದ ಅಂತ ಬರದು ಕೊಡ್ರಿ. ಸಿಕ್ರ ನಾವೇ ಮನಿಗಿ ಮುಟ್ಟಸ್ತೀವಿ," ಎಂದರು.

"ಕಳದಿಲ್ರಿ. ಕಸಗೊಂಡಾರ," ಎಂದರು ಅಕ್ಕೋರು.

"ಎರಡೂ ಒಂದೇ ಅಲ್ಲೇನ್ರಿ? ಸುಲಿಗಿ ಅಂತ ಬರದ್ರ ನೀವು ಕೋರ್ಟಿಗೆ ಅಡ್ಡಾಡಬೇಕು. ನಮಗೂ ಮ್ಯಾಲಿನವರು ಕೇಳ್ತಾರ, ನಿಮ್ಮ ಹದ್ದಿನಾಗ ಸುಲಿಗಿ ಯಾಕ ಹೆಚ್ಚಾಗ್ಯಾವ ಅಂತ."

"ಒಂದೇ ಹ್ಯಾಂಗ ಆಗ್ತದ್ರಿ? ಸರ ಕಳೀತು ಅಂದ್ರ ಆ ವಾಕ್ಯದಾಗ ಕಳ್ಳ ಎಲ್ಲಿದ್ದಾನ? ತಪ್ಪು ನನ್ನ ಕೊರಳಿಂದೇನು?"

ಸಾಹೇಬರು ನಕ್ಕರು. ಮಕ್ಕಳ ಜಾಣ ಮಾತಿಗೆ ದೊಡ್ಡವರು ನಗುವ ನಗು ಅದು. ಅಕ್ಕೋರ ತಮ್ಮ ಅವರ ಕಿವಿಯ ಹತ್ತಿರ ಬಾಗಿ, "ಬಿಡ ಅಕ್ಕಾ, ಊರ ಹೆಸರು ಯಾಕ ಕೆಡಸ್ತಿ," ಎಂದ. ಅಕ್ಕೋರು ಸಹಿ ಹಾಕದೆ ಎದ್ದು ಬಂದರು. ಬಲಗೈ ಆಗ ಪಟ್ಟಿಯಲ್ಲಿತ್ತು. ಎಡಗೈಯಿಂದಲೇ ಸೆರಗು ಸರಿಮಾಡಿಕೊಂಡು ರಸ್ತೆಗಿಳಿದರು.

ಗುರುಗಳ ಹತ್ತಿರ ಹೋಗಿ ಬೇರೆ ಲಿಂಗ ಕಟ್ಟಿಸಿಕೊಂಡರು. ಆದರೆ ಕಸಿದರು ಎಂಬ ಆ ಒಂದು ಕ್ರಿಯಾಪದವನ್ನು ಬಿಡಲಿಲ್ಲ. ದೊಡ್ಡ ಅಧಿಕಾರಿಗಳ ಬಾಗಿಲಿಗೆ ಹೋದರು, ಹೊರಗಿನ ಬೆಂಚಿನ ಮೇಲೆ ಕಾದರು, ವಕೀಲರನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಂತರು. ಸ್ಕೂಲಿನಲ್ಲಿ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಪಾಠ ಮಾಡಿ, ಸಂಜೆ ವಕೀಲರ ಮನೆಗೆ. ಎಷ್ಟೋ ಸಲ ನಾನೂ ಜೊತೆಗೆ ಹೋಗಿದ್ದೆ.

ಖಾಲಾ ಸಿಕ್ಕಿದ್ದು ಆ ದಿನಗಳಲ್ಲೇ, ಆಸ್ಪತ್ರೆಯ ಎಲುಬಿನ ಡಾಕ್ಟರ ಬಾಗಿಲ ಮುಂದೆ. ಕಲಬುರಗಿಯದೇ ಮೋಮಿನಪುರದ ಹೆಂಗಸು, ಚಿಕ್ಕಮ್ಮ ಎಂಬರ್ಥದಲ್ಲಿ ಎಲ್ಲರೂ ಖಾಲಾ ಎನ್ನುತ್ತಿದ್ದರು; ಹಳ್ಳಿಗಳಿಗೆ ಹೋಗಿ ಬಳೆ ಮಾರುತ್ತಿದ್ದರು. ಮಣಿಕಟ್ಟು ಮುರಿದಿತ್ತು. ಎಡಗಿವಿಯ ಹಾಲೆ ಎರಡು ಸೀಳಾಗಿ ಹೊಲಿಗೆ ಹಾಕಿದ್ದರು. ಕಮಲಾಪುರದ ಸಂತೆ ಮುಗಿಸಿ ಬರುವಾಗ ಗಾಡಿಯ ಮೇಲೆ ಬಂದ ಇಬ್ಬರು ಬೆಂಡೋಲೆ ಕಿತ್ತುಕೊಂಡು ಹೋಗಿದ್ದರು. ದೂರು ಕೊಟ್ಟಿರೇನು ಎಂದು ಅಕ್ಕೋರು ಕೇಳಿದರು.

"ಕ್ಯಾ ಬೋಲೂಂ ಅಕ್ಕಾ, ಗಿರ್ ಗಯೀ ಬೋಲ್ಕೆ ಲಿಖ್ ದಿಯೇ. ಬಿದ್ದೀನಿ ಅಂತ ಬರಕೊಂಡಾರ. ಹೆಬ್ಬೆಟ್ಟು ಒತ್ತು ಅಂದ್ರು, ಒತ್ತೀನಿ. ಬಿದ್ರ ಕಿವಿ ಹರೀತದೇನು?"

ಅಕ್ಕೋರು ಅವರ ಓಣಿ, ಮನೆ ಎಲ್ಲ ಕೇಳಿ ತಿಳಿದುಕೊಂಡರು.

ಆ ವರ್ಷದ ಕೊನೆಯಲ್ಲಿ ಪೇಪರಿನಲ್ಲಿ ಸಣ್ಣ ಸುದ್ದಿ ಬಂತು. ಆ ಭಾಗದಲ್ಲಿ ಸುಲಿಗೆ ಪ್ರಕರಣಗಳು ಇಳಿದಿವೆ, ಜನ ನೆಮ್ಮದಿಯಿಂದಿದ್ದಾರೆ ಎಂದು. ಅಕ್ಕೋರು ಅದನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದರು. ಓದುತ್ತ ಓದುತ್ತ ದನಿ ಏರಿತು. ಆ ಅಂಕಿಯೇ ಮುಂದೆ ಜಿಲ್ಲೆಗೆ ಹೋಗಿ, ರಾಜ್ಯಕ್ಕೆ ಹೋಗಿ, ದೆಹಲಿಗೆ ಹೋಗಿ ದೇಶದ ಲೆಕ್ಕದಲ್ಲಿ ಸೇರುತ್ತದೆ. ಅಪರಾಧದ ಅಂಕಿ ಎಂದರೆ ಊರಲ್ಲಿ ಏನೇನು ನಡೆಯಿತು ಎಂಬುದರ ಲೆಕ್ಕ ಎಂದು ನಾವು ತಿಳಿಯುತ್ತೇವೆ. ನಡೆದದ್ದರಲ್ಲಿ ಯಾರು ಧೈರ್ಯ ಮಾಡಿ ಠಾಣೆಯ ಮೆಟ್ಟಿಲು ಹತ್ತಿದರು, ಹತ್ತಿದವರಲ್ಲಿ ಯಾರ ಮಾತನ್ನು ಬರೆದುಕೊಂಡರು, ಬರೆದುಕೊಂಡದ್ದನ್ನು ಯಾವ ಹೆಸರಿನಲ್ಲಿ ಬರೆದರು, ಇಷ್ಟನ್ನೂ ದಾಟಿ ಉಳಿದದ್ದು ಮಾತ್ರ ಅಂಕಿಯಾಗುತ್ತದೆ. ಪೊಲೀಸರಿಗೆ ಹೆದರದ ಜನ, ಕೇಳಿದೊಡನೆ ಬರೆದುಕೊಳ್ಳುವ ಪೊಲೀಸರು ಇರುವ ರಾಜ್ಯ ನಕ್ಷೆಯಲ್ಲಿ ಕಡುಗೆಂಪಾಗಿ ಕಾಣಬಹುದು. ಬಾಯಿ ಮುಚ್ಚಿಸಿದ ಊರು ತಿಳಿಬಣ್ಣದಲ್ಲಿ ಹಾಯಾಗಿ ಮಲಗಿರಬಹುದು. ಇದನ್ನು ನಾನು ಪುಸ್ತಕದಲ್ಲೂ ಓದಿದ್ದೇನೆ. ಆದರೆ ಅರ್ಥವಾದದ್ದು ಖಾಲಾನ ಕಿವಿ ನೋಡಿದಾಗ.

ಕೊನೆಗೆ ಮ್ಯಾಜಿಸ್ಟ್ರೇಟರು ಆದೇಶ ಮಾಡಿದರು. ಅಕ್ಕೋರದು ಸುಲಿಗೆ ಎಂದೇ ಎಫ್‌ಐಆರ್ ಆಯಿತು. ಅದೇ ಹೊತ್ತಿಗೆ ಠಾಣೆಗೆ ಹೊಸ ಅಧಿಕಾರಿ ಬಂದಿದ್ದರು. ಅವರು ಬಂದ ದೂರನ್ನೆಲ್ಲ ಬರೆದುಕೊಳ್ಳತೊಡಗಿದರು. ಅದರ ಫಲವೇನು? ಮರುವರ್ಷ ಪೇಪರಿನಲ್ಲಿ ದಪ್ಪ ಅಕ್ಷರದಲ್ಲಿ ಬಂತು: ಸುಲಿಗೆ ಏರಿಕೆ, ಜನರಲ್ಲಿ ಆತಂಕ! ಆ ಅಧಿಕಾರಿಗೆ ವರ್ಗ ಆಯಿತು. ಅಕ್ಕೋರ ತಮ್ಮ ಖೂಬಾ ಪ್ಲಾಟಿನ ಮನೆಗೇ ಬಂದು, ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲಿ ನಿಂತು ಕೂಗಾಡಿದ. "ಕಮಲಾಪುರ ಅಂದ್ರ ಕಳ್ಳರ ಊರು ಅನ್ನಾಕತ್ತಾರ. ಮಗಳಿಗಿ ನೋಡಾಕ ಬರೋರು ಹಿಂದ ಸರದಾರ. ಸಮಾಧಾನ ಆತೇನು ನಿನಗ?"

ಅಕ್ಕೋರು, "ಕಳ್ಳತನ ಏರಿಲ್ಲೋ ತಮ್ಮಾ, ಬರಿಯೋದು ಏರ್ಯಾದ," ಎಂದರು. ಅವನಿಗೆ ಅದು ಬೇಕಿರಲಿಲ್ಲ. ಮಗಳ ಲಗ್ನಕ್ಕೆ ಅಕ್ಕನನ್ನು ಕರೆಯಲಿಲ್ಲ. ಶನಿವಾರದ ಬಸ್ಸು ನಿಂತಿತು. ಎತ್ತಿ ಆಡಿಸಿದ ಹುಡುಗಿಯ ಅಕ್ಕಿಕಾಳಿನ ದಿನ ಅಕ್ಕೋರು ಅಡಿಗೆಮನೆಯಲ್ಲಿ ನಮ್ಮ ಆಯಿಯ ಜೊತೆ ಕುಳಿತು ಸುಮ್ಮನೆ ಹುಣಸೆಹಣ್ಣು ಬಿಡಿಸುತ್ತಿದ್ದುದು ನೆನಪಿದೆ...

ಕಳ್ಳರು ಸಿಕ್ಕಿದರು. ಎಲ್ಲೋ ಗಡಿಯಾಚೆ ಬೇರೆ ಪ್ರಕರಣದಲ್ಲಿ ಸಿಕ್ಕಿಬಿದ್ದು, ಈ ಕಡೆ ಮಾಡಿದ್ದನ್ನೆಲ್ಲ ಒಪ್ಪಿಕೊಂಡಿದ್ದರು. ಮಾಲು ಗುರುತಿಸಲು ಅಕ್ಕೋರಿಗೆ ಕರೆ ಬಂತು. ಅವರು ಮೋಮಿನಪುರಕ್ಕೆ ಹೋಗಿ ಖಾಲಾನನ್ನೂ ಹೊರಡಿಸಿದರು, ಜೊತೆಗೆ ನಾನೂ ಹೋದೆ. ಠಾಣೆಯ ಮೇಜಿನ ಮೇಲೆ ಬಟ್ಟೆ ಹಾಸಿ ಒಂದಿಷ್ಟು ಒಡವೆ ಹರಡಿದ್ದರು. ಅಕ್ಕೋರ ಸರ ಕರಗಿ ಹೋಗಿತ್ತು. ಬೆಳ್ಳಿಯ ಕರಡಿಗೆ ಮಾತ್ರ ಇತ್ತು, ಒಳಗೆ ಏನೂ ಇರಲಿಲ್ಲ. ಕಲ್ಲು ಎಂದು ಎಸೆದಿದ್ದರಂತೆ. ಅಕ್ಕೋರು ಅದನ್ನು ಹಣೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು.

ಅಷ್ಟರಲ್ಲಿ ಖಾಲಾ, "ಯಾ ಅಲ್ಲಾ!" ಎಂದರು. ಬಟ್ಟೆಯ ತುದಿಯಲ್ಲಿ ಒಂದು ಬೆಂಡೋಲೆ. ಜೋಡಿಯಲ್ಲಿ ಒಂದೇ. ಹಿಂದಿನ ತಿರುಪಿಗೆ ಅವರೇ ಕೆಂಪು ದಾರ ಸುತ್ತಿದ್ದರು, ದಾರವೂ ಹಾಗೇ ಇತ್ತು. ಖಾಲಾ ಕೈ ಮುಂದೆ ಮಾಡಿದರು.

"ಮುಟ್ಟಬ್ಯಾಡ್ರಿ," ಎಂದರು ಅಲ್ಲಿದ್ದ ಅಧಿಕಾರಿ. "ನಿಮ್ಮ ಕೇಸು ಯಾವುದು?"

ಕೇಸು ಎಲ್ಲಿತ್ತು? ಹುಡುಕಿಸಿ ನೋಡಿದರು. ಹಾದಿಯಲ್ಲಿ ಜಾರಿ ಬಿದ್ದು ಗಾಯವಾಗಿದೆ, ಯಾರ ಮೇಲೂ ಸಂಶಯವಿಲ್ಲ ಎಂಬ ಹೇಳಿಕೆ, ಕೆಳಗೆ ಖಾಲಾನ ಹೆಬ್ಬೆಟ್ಟು. "ನೀವೇ ಬಿದ್ದೀನಿ ಅಂದೀರಲ್ಲ. ಇದು ನಿಮ್ಮದು ಅಂತ ನಾ ಹ್ಯಾಂಗ ಕೊಡ್ಲಿ?"

ಅಕ್ಕೋರು ಮೇಜು ಗುದ್ದಿದರು. ಒಡವೆಗಳು ಅದುರಿದವು. "ಆಕಿ ಕಿವಿ ನೋಡ್ರಿ! ಕಣ್ಣದಾವಿಲ್ಲೋ ನಿಮಗ? ಹರದ ಕಿವಿ ಇಲ್ಲಿ ಅದ, ಕಿತ್ತ ಓಲಿ ಅಲ್ಲಿ ಅದ. ಸುಳ್ಳು ಬರದವರು ನಿಮ್ಮವರು, ಆಕಿ ಅದರ ಮ್ಯಾಲ ಹೆಬ್ಬೆಟ್ಟು ಒತ್ಯಾಳ ಅಷ್ಟೇ!" ಇಡೀ ಕೋಣೆ ತಿರುಗಿ ನೋಡಿತು. ಒಬ್ಬ ಪೇದೆ ತಲೆ ತಗ್ಗಿಸಿದ. ಅಷ್ಟೇ. ಬೆಂಡೋಲೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಒಳಗೆ ಒಯ್ದರು. ಖಾಲಾನನ್ನು ನಾವು ಮನೆಯ ತನಕ ಬಿಟ್ಟು ಬಂದೆವು. ದಾರಿಯುದ್ದಕ್ಕೂ ಅವರೇ ಅಕ್ಕೋರನ್ನು ಸಮಾಧಾನ ಮಾಡುತ್ತಿದ್ದರು.

ಮರುದಿನದಿಂದಲೇ ಅಕ್ಕೋರು ಖಾಲಾನ ಕೇಸು ಹಿಡಿದರು. ನಿವೃತ್ತಿಯಾದ ಮೇಲೂ ಅದೇ ಓಡಾಟ. ಹಳೆಯದಾಯಿತು ಎಂದು ಒಬ್ಬರು, ಸಾಕ್ಷಿ ಇಲ್ಲ ಎಂದು ಇನ್ನೊಬ್ಬರು. ಒಂದು ಬೇಸಿಗೆಯಲ್ಲಿ ಕೋರ್ಟಿನಿಂದ ಬಂದು ನಮ್ಮ ಮನೆಯಲ್ಲಿ ಮಜ್ಜಿಗೆ ಕುಡಿದು, "ನಾಳಿ ಮತ್ತ ಹೋಗೂದದ," ಎಂದು ಎದ್ದವರು ಮರುದಿನ ಬೆಳಿಗ್ಗೆ ಏಳಲಿಲ್ಲ. ಎದೆಬಡಿತ ನಿಂತಿತ್ತು. ಮಣ್ಣಿಗೆ ತಮ್ಮ ಬಂದ. ಎಲ್ಲರಿಗಿಂತ ಜೋರಾಗಿ ಅವನೇ ಅತ್ತ. ಅವನ ಮೇಲೆ ನನಗೆ ಆಗಲೂ ಸಿಟ್ಟಿತ್ತು, ಈಗಲೂ ಇದೆ.

ಖಾಲಾನಿಗೆ ಹೇಳಲು ನಾನೇ ಮೋಮಿನಪುರಕ್ಕೆ ಹೋದೆ. ಕೇಸನ್ನು ನಾನು ಮುಂದುವರಿಸುತ್ತೇನೆ, ಬನ್ನಿ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. "ಬಸ್ ಬೇಟಿ, ಸಾಕು. ಓಲಿ ಆಸೆಕ್ಕ ನಾ ಹೋಗ್ತಿದ್ದಿಲ್ಲ. ಅಕ್ಕಾ ಕರೀತಿದ್ರು ಅಂತ ಹೋಗ್ತಿದ್ದೆ," ಎಂದರು. ಎಷ್ಟು ಹೇಳಿದರೂ ಮತ್ತೆ ಬರಲೊಪ್ಪಲಿಲ್ಲ.

ಸ್ಟಾಫ್ ರೂಮಿನಿಂದ ನಾನು ಅಂದು ನೇರವಾಗಿ ಕ್ಲಾಸಿಗೆ ಹೋದೆ. ಪಾಠ ಪಕ್ಕಕ್ಕಿಟ್ಟು ಇದನ್ನೆಲ್ಲ ಹೇಳಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಹಂಗಾದ್ರ ಆ ಖಾಲಾಂದು ಯಾವ ವರ್ಷದ ಲೆಕ್ಕದಾಗ ಬರ್ತದ್ರಿ ಮೇಡಂ?" ಎಂದು ಕೇಳಿದಳು. ಯಾವ ವರ್ಷದ್ದರಲ್ಲೂ ಬರುವುದಿಲ್ಲ ಎಂದೆ. ಅವಳು ಕೂರಲಿಲ್ಲ, ಇನ್ನೂ ಉತ್ತರ ಬರಬೇಕಿದೆ ಎಂಬಂತೆ ನನ್ನನ್ನೇ ನೋಡುತ್ತ ನಿಂತಳು. ಇಂಥ ಪ್ರಶ್ನೆಯನ್ನು ಎತ್ತಿಕೊಂಡು ಎದ್ದು ಹೊರಡುತ್ತಿದ್ದವರು ಒಬ್ಬರಿದ್ದರು. ಅವರಿಲ್ಲ. ನನಗೆ ಸಿಟ್ಟು ಬಂದಿತ್ತು. ಗಂಟೆ ಬಾರಿಸುವ ತನಕ ನಾನೂ ಅವಳ ಎದುರು ಹಾಗೇ ನಿಂತಿದ್ದೆ.