ನೊಣದಕ್ಕ

ನೊಣ ಕಂಡರೆ ಲೋಕವೆಲ್ಲ ಕೈ ಎತ್ತುತ್ತದೆ, ನಮ್ಮ ಅಕ್ಕ ಮಾತ್ರ ಸೌಟು ಎತ್ತುತ್ತಾಳೆ. ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಕುದಿಸಿ, ಗಾಜಿನ ಪುಟ್ಟ ಶೀಶೆಗಳಿಗೆ ಹೊಯ್ದು, ಹಣ್ಣಿನ ನೊಣಗಳಿಗೆ ಊಟ ಹಾಕುವುದು ಅವಳ ಕೆಲಸ. ಎಲ್ಲರ ಬಾಯಲ್ಲೂ ಅವಳು ನೊಣದಕ್ಕ. ಮದುವೆಯಾದ ಹೊಸದರಲ್ಲಿ ಬಸ್ ಡ್ರೈವರ್ ಗಂಡ, "ನೊಣಕ್ಕೆ ಗಟ್ಟಿ ಗಂಜಿ, ನನಗೆ ತಿಳಿನೀರು! ನಿನ್ನ ಗಂಡ ಯಾರೇ?" ಎಂದು ರೇಗಿಸುತ್ತಿದ್ದ.

ಆ ಡ್ರೈವರನ ಕೈ ಈಗ ಸ್ಟೇರಿಂಗ್ ಹಾಗಿರಲಿ, ಚಮಚವನ್ನೂ ಹಿಡಿಯದು. ನರಗಳು ಸೊರಗಿ ಸಾಯುವ ಕಾಯಿಲೆ. ಹೇಗಿದ್ದೀರಿ ಎಂದವರಿಗೆಲ್ಲ, "ನೊಣ ಹೊಡೀತಾ ಕೂತಿದೀನಿ," ಎಂದು ತಾನೇ ನಗುತ್ತಾನೆ, ಹಾಳಾದವನು.

ಒಂದು ಬೆಳಿಗ್ಗೆ ಅವನು ನಗಲಿಲ್ಲ. "ನಿಮ್ಮ ಮೇಡಂ ಇದೇ ಕಾಯಿಲೆ ಮೇಲೆ ಕೆಲಸ ಮಾಡ್ತಾರಲ್ಲ, ನನ್ನೊಳಗೆ ಏನಾಗ್ತಿದೆ ಕೇಳ್ಕೊಂಡು ಬಾ. ವಾಸಿಯಾಗತ್ತಾ ಅಂತಾನೂ ಕೇಳು. ಸುಳ್ಳು ಮಾತ್ರ ಹೇಳ್ಬೇಡ," ಎಂದ.

ಮೇಡಂ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಇಷ್ಟು ವರ್ಷ ಅಡುಗೆ ಮಾಡಿಹಾಕಿದವಳು ಅದರೊಳಗೆ ಇಣುಕಿದ್ದು ಅದೇ ಮೊದಲು. ಕತ್ತಲಲ್ಲಿ ಹಸಿರು ಚುಕ್ಕೆಗಳು ಹೊಳೆಯುತ್ತಿದ್ದವು.

"ಇದು ನೊಣದ ನರದ ಜೀವಕೋಶದ ಕೇಂದ್ರ ಅಕ್ಕಾ. ವಂಶವಾಹಿಯ ಸಂದೇಶ ಆರ್‌ಎನ್‌ಎ ಆಗಿ ಹುಟ್ಟೋದು ಇಲ್ಲೇ. ಹುಟ್ಟಿದಾಗ ಅದರ ತುಂಬಾ ಬೇಡದ ತುಂಡುಗಳು. ಈ ಹಸಿರು ಪ್ರೋಟೀನು ಅದಕ್ಕೆ ಅಂಟಿಕೊಂಡು, ಯಾವ ತುಂಡು ಇರಬೇಕು, ಯಾವುದು ಹೋಗಬೇಕು ಅಂತ ನೋಡ್ಕೊಳ್ಳತ್ತೆ. ನಿಮ್ಮೆಜಮಾನ್ರ ಕಾಯಿಲೇಲಿ ಇದು ಕೇಂದ್ರ ಬಿಟ್ಟು ಆಚೆ ಹೋಗಿ ಗಂಟು ಕಟ್ಟಿಕೊಳ್ಳತ್ತೆ. ಒಳಗೆ ಸಂದೇಶ ಕೆಡತ್ತೆ, ನರ ಸಾಯತ್ತೆ."

"ಮನೆ ಬಿಟ್ಟು ಹೋಗೋದಾ!" ಅಕ್ಕ ಬಾಯಿ ಮೇಲೆ ಕೈಯಿಟ್ಟಳು. "ನಮ್ಮೋರು ಒಂದಿನವೂ ಹೇಳ್ದೆ ಕೇಳ್ದೆ ಹೋದೋರಲ್ಲ ಮೇಡಂ."

ಮೇಡಂ ಒಂದು ಶೀಶೆಯನ್ನು ಮೇಜಿಗೆ ಕುಟ್ಟಿದರು. ನೊಣಗಳು ತಳಕ್ಕೆ ಬಿದ್ದವು, ಏಳಲಾರದೆ ಅಲ್ಲೇ ಒದ್ದಾಡಿದವು. ಆ ಪ್ರೋಟೀನೇ ಇಲ್ಲದ ತಳಿ ಅದು. ಗಂಜಿಯಲ್ಲಿ ಸಿಕ್ಕಿಕೊಳ್ಳುವ ಇವನ್ನು ಅಕ್ಕ ಸೋಮಾರಿಗಳೆಂದು ಎಷ್ಟು ಬೈದಿದ್ದಳೋ! ಇನ್ನೊಂದನ್ನು ಕುಟ್ಟಿದರು. ಇವು ಬಿದ್ದವು, ಎದ್ದವು, ಸರಸರನೆ ಗಾಜು ಹತ್ತಿದವು.

"ಇವೂ ಅದೇ ತಳಿ. ಆದರೆ ಇವಕ್ಕೆ ಮನುಷ್ಯರಲ್ಲಿರೋ ಅದೇ ಪ್ರೋಟೀನು ಕೊಟ್ಟಿದೀವಿ."

"ಮನುಷ್ಯರದ್ದಾ? ನೊಣದೊಳಗಾ?"

"ಹೂಂ. ನೊಣದ ಸಂದೇಶಾನೂ ಅದು ಕೈಬಿಡಲ್ಲ."

ಅಕ್ಕನ ಮೈ ಜುಮ್ಮೆಂದಿತು. ಸಾಸಿವೆ ಕಾಳಿನಷ್ಟಿಲ್ಲದ ಈ ಜೀವ ಎಲ್ಲಿ, ಆರಡಿಯ ತನ್ನ ಗಂಡ ಎಲ್ಲಿ! ಒಳಗೆ ಮಾತ್ರ ಇಬ್ಬರಿಗೂ ಒಂದೇ ಕೆಲಸಗಾರ. ಅವಳು ಶೀಶೆಯನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು, "ಹಾಗಾದ್ರೆ ಅವರಿಗೆ?"

ಮೇಡಂ ಕಣ್ಣು ತಗ್ಗಿಸಿದರು. "ಇಲ್ಲ ಅಕ್ಕಾ. ಔಷಧಿ ಅವರಿಗೆ ಆಗೋಷ್ಟು ಬೇಗ ಬರಲ್ಲ."

ಸಂಜೆ ಅಕ್ಕ ಗಂಡನಿಗೆ ಒಂದನ್ನೂ ಮುಚ್ಚಿಡದೆ ಹೇಳಿದಳು. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಅಷ್ಟರಲ್ಲಿ ಎಲ್ಲಿಂದಲೋ ಒಂದು ನೊಣ ಬಂದು ಅವನ ಅಲುಗದ ಕೈ ಮೇಲೆ ಕೂತಿತು. ಈ ಸಲ ಅಕ್ಕನೂ ಲೋಕದವರಂತೆ ಕೈ ಎತ್ತಿದಳು.

"ಬಿಡೇ, ಹೊಡೀಬೇಡ," ಎಂದ ಅವನು. "ನಮ್ಮೋನೇ."

ನೊಣ ಮಣಿಕಟ್ಟು ದಾಟಿತು, ಮೊಣಕೈ ದಾಟಿತು. ಅದು ಹೆಗಲು ಹತ್ತುವವರೆಗೂ ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು.