ಬೇಲಿ ಸುತ್ತಿ ಹೋಗುವ ಹಸು

ಹಾಲಿನಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ. ಪಕ್ಕದ ಮನೆಯ ದರ್ಜಿಯಮ್ಮನ ಆಡು, ಇವಳು ಒಣಹಾಕಿದ್ದ ಹೊಸ ಹೊದಿಕೆಯನ್ನು ತಿಂದುಹಾಕಿದ ದಿನ, ಬಹುಕಾಲದ ಆ ಗೆಳತಿಯ ಜೊತೆ ಮಾತು ಬಿಟ್ಟಳು. ಮರುದಿನವೇ ಎರಡು ಮನೆಗಳ ನಡುವೆ ತಂತಿಬೇಲಿ ಹಾಕಿಸಿದಳು.

ಆಡು ಬಂದು ಪಕ್ಕದಲ್ಲಿ ನಿಂತರೆ ಮಾತ್ರ ಹಾಲು ಕೊಟ್ಟು ರೂಢಿಯಾಗಿದ್ದ ಅವಳ ಹಸು, ಈಗ ಒಂದು ತೊಟ್ಟೂ ಬಿಡಲಿಲ್ಲ. ಬೆಲ್ಲ ತಿನ್ನಿಸಿದಳು, ಬೈದಳು. ಜಪ್ಪಯ್ಯ ಅಂದರೂ ಅದು ಜಗ್ಗಲಿಲ್ಲ. ಕೊನೆಗೆ ಹಲ್ಲು ಕಚ್ಚಿಕೊಂಡು, ಹಸುವನ್ನು ಬೀದಿ ಸುತ್ತಿಸಿ ದರ್ಜಿಯಮ್ಮನ ಅಂಗಳಕ್ಕೇ ಹೊಡೆದುಕೊಂಡು ಹೋಗಿ ಹಾಲು ಕರೆದಳು. ದರ್ಜಿಯಮ್ಮ ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದಳು. ಮರುದಿನ ಮಾತ್ರ ಅಂಗಳದಲ್ಲಿ ಪುಟ್ಟದೊಂದು ಸ್ಟೂಲು ಕಾದಿತ್ತು. ಮೇಲೆ ತುಂಡುಬಟ್ಟೆಗಳ ಮೆತ್ತೆ. ಹಾಲಿನಮ್ಮನ ಮಂಡಿನೋವು ಅವಳಿಗೆ ಗೊತ್ತಿಲ್ಲದ್ದೇ?

ಇಬ್ಬರೂ ಇನ್ನೂ ಮಾತಾಡುವುದಿಲ್ಲ. ಒಬ್ಬಳು ಹಸುವಿಗೆ ಹೇಳಿದಂತೆ, ಇನ್ನೊಬ್ಬಳು ಆಡಿಗೆ ಹೇಳಿದಂತೆ, ಮನೆಯದ್ದು ಬೀದಿಯದ್ದು ಎಲ್ಲ ಸುದ್ದಿಯನ್ನೂ ಹೇಳಿಕೊಳ್ಳುತ್ತಾರೆ.

ಮೊನ್ನೆ ಸೊಸೆ ಕೇಳಿದಳು: "ದಿನಾ ಯಾಕತ್ತೆ ಈ ಸುತ್ತಾಟ? ಬೇಲಿ ಕಿತ್ತುಬಿಟ್ರೆ ಆಡು ತಾನಾಗೇ ಇಲ್ಲಿಗೆ ಬರುತ್ತಲ್ಲ?"

"ಅಯ್ಯೋ ಪೆದ್ದೀ," ಹಾಲಿನಮ್ಮ ಸಿಡುಕಿದಳು. "ಆಡು ಇಲ್ಲಿಗೇ ಬಂದ್ಬಿಟ್ರೆ, ನಾನು ಯಾವ ನೆಪ ಹೇಳ್ಕೊಂಡು ಅಲ್ಲಿಗೆ ಹೋಗ್ಲಿ?"